ಪುಸ್ತಕ ಬೈಂಡ್ ಮಾಡುತ್ತಿದ್ದ ವಿಜ್ಞಾನಿ: ಮೈಕೆಲ್ ಫ್ಯಾರಡೆ

ಕಾಮರ್ಸ್ ಓದುವವನಿಗೆ ವಿದ್ಯುತ್ತಿನ ವಿಷಯ ಯಾಕೆ ಎಂದು ನೀವು ಕೇಳಬಹುದು. ಈ ವಿಜ್ಞಾನಿಯ ಕಥೆ ಓದಿದರೆ ನಿಮಗೇ ತಿಳಿಯುತ್ತದೆ.

ಮೈಕೆಲ್ ಫ್ಯಾರಡೆ 1791ರ ಸೆಪ್ಟೆಂಬರ್ 22ರಂದು ಲಂಡನ್ ಬಳಿಯ ನ್ಯೂಯಿಂಗ್ಟನ್‌ನಲ್ಲಿ ಹುಟ್ಟಿದರು. ತಂದೆ ಕಮ್ಮಾರರು. ಮನೆಯಲ್ಲಿ ಬಡತನ. ಓದು, ಬರಹ, ಸ್ವಲ್ಪ ಲೆಕ್ಕ ಕಲಿಯುವಷ್ಟರಲ್ಲಿ ಶಾಲೆ ಮುಗಿಯಿತು. 14ನೇ ವಯಸ್ಸಿನಲ್ಲಿ ಪುಸ್ತಕ ಬೈಂಡಿಂಗ್ ಅಂಗಡಿಗೆ ಕೆಲಸ ಕಲಿಯಲು ಸೇರಿ ಏಳು ವರ್ಷ ಅಲ್ಲೇ ಇದ್ದರು. ಬೈಂಡಿಂಗ್‌ಗೆ ಬಂದ ಪುಸ್ತಕಗಳನ್ನೇ ಓದಿದರು. ವಿಶ್ವಕೋಶದ ವಿದ್ಯುತ್ ಲೇಖನ ಮತ್ತು ಜೇನ್ ಮಾರ್ಸೆಟ್ ಅವರ ರಸಾಯನಶಾಸ್ತ್ರದ ಪುಸ್ತಕ ಅವರಿಗೆ ದಾರಿ ತೋರಿಸಿದವು.

1812ರಲ್ಲಿ ಅಂಗಡಿಯ ಗಿರಾಕಿಯೊಬ್ಬರು ಟಿಕೆಟ್ ಕೊಟ್ಟಿದ್ದರಿಂದ ವಿಜ್ಞಾನಿ ಹಂಫ್ರಿ ಡೇವಿಯವರ ಉಪನ್ಯಾಸ ಕೇಳಿದರು. ಬರೆದುಕೊಂಡ ಟಿಪ್ಪಣಿಗಳನ್ನು ತಾವೇ ಬೈಂಡ್ ಮಾಡಿ ಡೇವಿಯವರಿಗೆ ಕಳಿಸಿದರು. 1813ರಲ್ಲಿ ರಾಯಲ್ ಇನ್‌ಸ್ಟಿಟ್ಯೂಷನ್‌ನಲ್ಲಿ ಸಹಾಯಕನ ಕೆಲಸ ಸಿಕ್ಕಿತು.

1831ರ ಆಗಸ್ಟ್ 29ರಂದು ಕಬ್ಬಿಣದ ಬಳೆಯೊಂದಕ್ಕೆ ಎರಡು ತಂತಿ ಸುರುಳಿ ಸುತ್ತಿ ಪರೀಕ್ಷಿಸಿದರು. ಒಂದು ಸುರುಳಿಗೆ ಬ್ಯಾಟರಿ ಜೋಡಿಸಿದಾಗ ಮತ್ತು ತೆಗೆದಾಗ ಮಾತ್ರ ಇನ್ನೊಂದರಲ್ಲಿ ವಿದ್ಯುತ್ ಹರಿಯಿತು. ಬದಲಾಗುವ ಕಾಂತಕ್ಷೇತ್ರ ವಿದ್ಯುತ್ ಹುಟ್ಟಿಸುತ್ತದೆ ಎಂದು ತಿಳಿಯಿತು. ಅವರಿಗೆ ಉನ್ನತ ಗಣಿತ ಬರುತ್ತಿರಲಿಲ್ಲ. ಅವರ ವಿಚಾರಗಳಿಗೆ ಸಮೀಕರಣ ಬರೆದವರು ಮ್ಯಾಕ್ಸ್‌ವೆಲ್.

ಈ ನಿಯಮ ನನಗೆ ಅರ್ಥವಾದದ್ದು ಉಮ್ಮಚಗಿಯ ನಮ್ಮ ಮನೆಯಲ್ಲಿ. ಹತ್ತನೇ ತರಗತಿಗೇ ಓದು ನಿಲ್ಲಿಸಿದ ಅಣ್ಣ ರಿಪೇರಿ ಕೆಲಸ ಮಾಡುತ್ತಾನೆ. ಅಡಿಕೆ ತೋಟದ ಪಂಪಿಗೆ ಅವನು ಎರಡು ಪದರದ ಕಂಟ್ರೋಲ್ ಬೋರ್ಡ್ ಮಾಡಿಕೊಟ್ಟಿದ್ದ. ಪಂಪ್ ಚಾಲೂ ಆದಾಗಲೆಲ್ಲ ಅದು ರೀಸೆಟ್ ಆಗುತ್ತಿತ್ತು. ಬೇಸಿಗೆಯಲ್ಲಿ ತೋಟಕ್ಕೆ ನೀರು ನಿಂತರೆ ಹೇಗೆ? ತೋಟದವರು ಬೋರ್ಡ್ ವಾಪಸ್ ತಂದರು. ಮುಂಗಡ ಹಣ ಆಗಲೇ ಸಾಮಾನಿಗೆ ಖರ್ಚಾಗಿತ್ತು.

ನಮ್ಮ ಅಕೌಂಟೆನ್ಸಿಯಲ್ಲಿ ಪ್ರತಿ ಡೆಬಿಟ್‌ಗೆ ಕ್ರೆಡಿಟ್ ಇರುವಂತೆ, ಹೋದ ವಿದ್ಯುತ್ ಅಷ್ಟೇ ಪ್ರಮಾಣದಲ್ಲಿ ಹಿಂತಿರುಗಲೇಬೇಕು. ಬೋರ್ಡಿನ ಕೆಳಪದರದ ಅಗಲವಾದ ತಾಮ್ರವೇ ಗ್ರೌಂಡ್ ಪ್ಲೇನ್, ಅದು ಹಿಂತಿರುಗುವ ದಾರಿ. ವೇಗವಾಗಿ ಬದಲಾಗುವ ಸಿಗ್ನಲ್ ಮೇಲಿನ ಗೆರೆಯ ನೇರ ಕೆಳಗೇ ಹಿಂತಿರುಗುತ್ತದೆ. ಅಣ್ಣನ ಬೋರ್ಡಿನಲ್ಲಿ ಒಂದು ಉದ್ದ ಗೆರೆ ಆ ತಾಮ್ರವನ್ನು ಸೀಳಿತ್ತು. ಆದ್ದರಿಂದ ವಿದ್ಯುತ್ ಸುತ್ತು ಹಾಕಿ ಬರಬೇಕಾಯಿತು. ಸುತ್ತು ದೊಡ್ಡದಾದಷ್ಟೂ ಅದು ಫ್ಯಾರಡೆಯವರ ಎರಡನೇ ಸುರುಳಿಯಂತಾಗಿ ಪಂಪಿನ ಗದ್ದಲವನ್ನು ಹಿಡಿಯುತ್ತದೆ. ಅಣ್ಣ ಆ ಗೆರೆಯನ್ನು ಮೇಲಿನ ಪದರಕ್ಕೆ ತಂದ. ಗೆರೆಗಳು ದಾಟಲೇಬೇಕಾದ ಕಡೆ ಮಾತ್ರ ಕೆಳಗೆ ಚಿಕ್ಕ ತುಂಡು ಬಿಟ್ಟು, ಉಳಿದ ತಾಮ್ರವನ್ನು ಅಖಂಡವಾಗಿ ಇಟ್ಟ. ಹೊಸ ಬೋರ್ಡ್ ರೀಸೆಟ್ ಆಗಲಿಲ್ಲ. ಬಾಕಿ ಹಣವೂ ಬಂತು.

ಫ್ಯಾರಡೆ ದೊಡ್ಡ ಹೆಸರು ಗಳಿಸಿದರೂ ಸರಳವಾಗಿ ಬದುಕಿದರು. ಸರ್ ಪದವಿಯನ್ನು ಒಪ್ಪಲಿಲ್ಲ. ರಾಯಲ್ ಸೊಸೈಟಿಯ ಅಧ್ಯಕ್ಷತೆಯನ್ನು ಎರಡು ಸಲ ಬೇಡವೆಂದರು. ಮಕ್ಕಳಿಗಾಗಿ 1825ರಲ್ಲಿ ಶುರುವಾದ ಕ್ರಿಸ್‌ಮಸ್ ಉಪನ್ಯಾಸಮಾಲೆಯನ್ನು ಮಾತ್ರ 19 ವರ್ಷ ತಾವೇ ನಡೆಸಿಕೊಟ್ಟರು. 1867ರ ಆಗಸ್ಟ್ 25ರಂದು ತೀರಿಕೊಂಡರು.

ಫ್ಯಾರಡೆ ಸೈನ್ಸ್ ವಿಭಾಗದಲ್ಲೂ ಓದಲಿಲ್ಲ, ಕಾಮರ್ಸ್‌ನಲ್ಲೂ ಓದಲಿಲ್ಲ. ಕೈಗೆ ಬಂದ ಪುಸ್ತಕ ತೆರೆದು ಓದಿದರು. ನಮ್ಮ ಲೈಬ್ರರಿಯ ವಿಜ್ಞಾನದ ಕಪಾಟಿಗೂ ಯಾರೂ ವಿಭಾಗ ನೋಡಿ ಬೀಗ ಹಾಕಿಲ್ಲ.