ಆಮೆಯ ಬೆನ್ನನ್ನು ಅಳೆದ ಮಹಾವೀರಾಚಾರ್ಯರು

ನಮ್ಮ ಶಾಲೆಯ ಸುವರ್ಣ ಮಹೋತ್ಸವದ ಈ ಸಂಚಿಕೆಯಲ್ಲಿ ನಮ್ಮ ನಾಡಿನ ಒಬ್ಬ ದೊಡ್ಡ ಗಣಿತಜ್ಞರನ್ನು ಪರಿಚಯಿಸಬೇಕೆಂಬುದು ನನ್ನ ಆಸೆ. ಅವರ ಹೆಸರು ಮಹಾವೀರಾಚಾರ್ಯರು. ಜೈನರ ಇಪ್ಪತ್ನಾಲ್ಕನೆಯ ತೀರ್ಥಂಕರರಾದ ಭಗವಾನ್ ಮಹಾವೀರರು ಬೇರೆ, ಇವರು ಬೇರೆ. ಇವರು ಕ್ರಿ.ಶ. 850ರ ಸುಮಾರಿಗೆ ಕರ್ನಾಟಕದಲ್ಲಿ ಬಾಳಿದ ದಿಗಂಬರ ಜೈನ ವಿದ್ವಾಂಸರು. ನಾನು ಇತಿಹಾಸದ ಪಂಡಿತನಲ್ಲ. ಈ ಶಾಲೆಯಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿ, ಮುಂದೆ ಬಿ.ಇ. ಮುಗಿಸಿ, ಈಗ ಸಾಫ್ಟ್‌ವೇರ್ ಕೆಲಸ ಮಾಡುತ್ತಿದ್ದೇನೆ. ಹೀಗಾಗಿ ಮಹಾವೀರಾಚಾರ್ಯರನ್ನು ನಾನು ನೋಡುವುದು ಅವರ ಲೆಕ್ಕಗಳ ಮೂಲಕ. ಅವರ ಸೂತ್ರಗಳನ್ನು ಒಂದೊಂದಾಗಿ ಕಂಪ್ಯೂಟರಿಗೆ ಹಾಕಿ, ಎಲ್ಲಿ ಸರಿ ಬರುತ್ತವೆ, ಎಲ್ಲಿ ತಪ್ಪುತ್ತವೆ ಎಂದು ನೋಡಿದ್ದೇನೆ. ಹಾಗೆ ನೋಡಿದ ಮೇಲೆ ಅವರ ಬಗ್ಗೆ ನನಗಿದ್ದ ಗೌರವ ಹೆಚ್ಚಾಯಿತು.

ಅವರ ಕಾಲದಲ್ಲಿ ನಮ್ಮ ನಾಡನ್ನು ಆಳುತ್ತಿದ್ದವರು ರಾಷ್ಟ್ರಕೂಟರು. ಅಮೋಘವರ್ಷ ನೃಪತುಂಗ 814ರಲ್ಲಿ ಚಿಕ್ಕ ವಯಸ್ಸಿನಲ್ಲೇ ಪಟ್ಟಕ್ಕೆ ಬಂದು ಅರವತ್ತು ವರ್ಷಕ್ಕೂ ಮೇಲ್ಪಟ್ಟು ರಾಜ್ಯವಾಳಿದ. ಅವನ ರಾಜಧಾನಿ ಮಾನ್ಯಖೇಟ, ಅಂದರೆ ಇಂದಿನ ಕಲಬುರಗಿ ಜಿಲ್ಲೆಯ ಸೇಡಂ ತಾಲ್ಲೂಕಿನ ಮಳಖೇಡ. ಕನ್ನಡದಲ್ಲಿ ನಮಗೆ ದೊರೆತಿರುವ ಮೊದಲ ಗ್ರಂಥ ಕವಿರಾಜಮಾರ್ಗ ಹುಟ್ಟಿದ್ದು ಈ ಅರಸನ ಆಶ್ರಯದಲ್ಲೇ. ಕಾವೇರಿಯಿಂದ ಗೋದಾವರಿಯವರೆಗೆ ಕನ್ನಡ ನಾಡು ಹಬ್ಬಿತ್ತು ಎಂದು ತಿಳಿಸುವುದು ಅದೇ ಗ್ರಂಥ. ಆ ಎರಡು ನದಿಗಳ ನಡುವೆ ಹರಿಯುವ ಕೃಷ್ಣೆಯ ದಂಡೆಯ ನಮ್ಮ ಉಗಾರ ಭಾಗವೂ ಆ ನಾಡಿಗೆ ಸೇರಿದ್ದೇ. ಆದಿಪುರಾಣ ಬರೆದ ಜಿನಸೇನಾಚಾರ್ಯರು, ವ್ಯಾಕರಣ ಬರೆದ ಶಾಕಟಾಯನರು ಇದೇ ಕಾಲದವರು. ಇಂಥ ವಿದ್ವಾಂಸರ ನಡುವೆ ಮಹಾವೀರಾಚಾರ್ಯರು ಗಣಿತವನ್ನು ತಮ್ಮ ಕ್ಷೇತ್ರವನ್ನಾಗಿ ಆರಿಸಿಕೊಂಡರು. ತಮ್ಮ ಗ್ರಂಥದ ಆರಂಭದಲ್ಲಿ ಅಮೋಘವರ್ಷನನ್ನು ಹೊಗಳಿದ್ದಾರೆ. ತಮ್ಮ ತಂದೆ ತಾಯಿ, ಹುಟ್ಟಿದ ಊರು ಇವುಗಳ ಬಗ್ಗೆ ಒಂದು ಮಾತನ್ನೂ ಹೇಳಿಕೊಂಡಿಲ್ಲ. ಅವರು ನಮಗೆ ಬಿಟ್ಟುಹೋದ ಆಸ್ತಿಯೆಂದರೆ ಅವರ ಪುಸ್ತಕ.

ಆ ಪುಸ್ತಕದ ಹೆಸರು ಗಣಿತಸಾರಸಂಗ್ರಹ. ಸಂಸ್ಕೃತದಲ್ಲಿದೆ. ಒಂಬತ್ತು ಅಧ್ಯಾಯ, 1,100ಕ್ಕೂ ಹೆಚ್ಚು ಶ್ಲೋಕ. ಅದಕ್ಕಿಂತ ಮೊದಲಿನ ಆರ್ಯಭಟ, ಬ್ರಹ್ಮಗುಪ್ತ ಮೊದಲಾದವರ ಗ್ರಂಥಗಳಲ್ಲಿ ಗಣಿತ ಬರುವುದು ಜ್ಯೋತಿಷ್ಯದ, ಅಂದರೆ ಗ್ರಹನಕ್ಷತ್ರಗಳ ಲೆಕ್ಕದ ಒಂದು ಭಾಗವಾಗಿ. ಮಹಾವೀರಾಚಾರ್ಯರು ಗ್ರಹಗಳ ಗೊಡವೆಗೆ ಹೋಗದೆ ಗಣಿತವನ್ನೇ ಬೇರೆಯಾಗಿ ಕಲಿಸುವ ಪುಸ್ತಕ ಬರೆದರು. ಹಿಂದಿನವರು ಕಂಡುಕೊಂಡದ್ದನ್ನು ಸಮುದ್ರದಿಂದ ರತ್ನ ಆಯ್ದಂತೆ ಆಯ್ದು ಕೊಡುತ್ತಿರುವುದಾಗಿ ಅವರೇ ಹೇಳಿಕೊಂಡಿದ್ದಾರೆ. ಗಣಿತ ಎಲ್ಲೆಲ್ಲಿ ಬೇಕು ಎಂಬುದಕ್ಕೆ ಆರಂಭದಲ್ಲಿ ಒಂದು ಉದ್ದನೆಯ ಪಟ್ಟಿಯೇ ಇದೆ: ವ್ಯಾಪಾರ, ಸಂಗೀತ, ನಾಟಕ, ಅಡಿಗೆ, ವೈದ್ಯ, ಮನೆ ಕಟ್ಟುವುದು, ಕಾವ್ಯ, ವ್ಯಾಕರಣ. ಗಣಿತ ಅರಮನೆಯ ಪಂಡಿತರದಷ್ಟೇ ಅಲ್ಲ, ಅಡಿಗೆ ಮಾಡುವವರದೂ ಹೌದು ಎಂಬ ಭಾವನೆ ಆ ಪಟ್ಟಿಯಲ್ಲಿ ಕಾಣುತ್ತದೆ.

ಪುಸ್ತಕ ನಡೆಯುವ ಕ್ರಮ ಇಂದಿನ ಪಠ್ಯಪುಸ್ತಕದ ಹಾಗೆಯೇ ಇದೆ. ಮೊದಲು ಉದ್ದ, ಧಾನ್ಯ, ಬಂಗಾರ, ಬೆಳ್ಳಿ ಇವುಗಳ ಅಳತೆಗಳು. ನಂತರ ಗುಣಾಕಾರ, ಭಾಗಾಕಾರ, ವರ್ಗಮೂಲ. ನಂತರ ಭಿನ್ನರಾಶಿ, ತ್ರೈರಾಶಿ, ಬಡ್ಡಿ, ಬಂಗಾರದ ಬೆರಕೆ, ಕ್ಷೇತ್ರಗಣಿತ, ಗುಂಡಿ ತೋಡುವ ಲೆಕ್ಕ, ಕೊನೆಗೆ ನೆರಳಿನ ಲೆಕ್ಕ. ಪ್ರತಿ ಸೂತ್ರಕ್ಕೂ ಉದಾಹರಣೆಗಳಿವೆ. ಉದಾಹರಣೆಗಳಲ್ಲಿ ದುಂಬಿ, ಆನೆ, ನವಿಲು, ಮಾವಿನ ಹಣ್ಣು, ಹರಿದ ಮುತ್ತಿನ ಹಾರ ಎಲ್ಲವೂ ಬರುತ್ತವೆ. ಕೆಲವು ಗುಣಾಕಾರಗಳ ಉತ್ತರವನ್ನು ಅವರು ಕಂಠಿಹಾರದಂತೆ ಜೋಡಿಸಿದ್ದಾರೆ. 142857143ನ್ನು 7ರಿಂದ ಗುಣಿಸಿ ನೋಡಿ: ಉತ್ತರ 1000000001. ಎರಡು ತುದಿಗೂ ಒಂದೊಂದು, ನಡುವೆಲ್ಲ ಸೊನ್ನೆ. ಬಲದಿಂದ ಓದಿದರೂ ಎಡದಿಂದ ಓದಿದರೂ ಒಂದೇ. ಮಕ್ಕಳಿಗೆ ಗುಣಾಕಾರ ಬೇಸರವಾಗಬಾರದೆಂದು ಇಷ್ಟು ಕಷ್ಟಪಟ್ಟ ಮೇಷ್ಟರನ್ನು ನಾವು ನೆನೆಯಬೇಕು.

ನಾವು ಶಾಲೆಯಲ್ಲಿ ಕಲಿತ ಲ.ಸಾ.ಅ. ನೆನಪಿರಬಹುದು. ಬೇರೆ ಬೇರೆ ಛೇದಗಳುಳ್ಳ ಭಿನ್ನರಾಶಿಗಳನ್ನು ಕೂಡಿಸಲು ಅದನ್ನು ಬಳಸುವ ಕ್ರಮ ಭಾರತದಲ್ಲಿ ಮೊದಲು ಸ್ಪಷ್ಟವಾಗಿ ಸಿಗುವುದು ಇವರಲ್ಲೇ. ಅದಕ್ಕೆ ಅವರಿಟ್ಟ ಹೆಸರು ನಿರುದ್ಧ. ಇಷ್ಟು ವಸ್ತುಗಳಲ್ಲಿ ಇಷ್ಟನ್ನು ಎಷ್ಟು ರೀತಿಯಲ್ಲಿ ಆರಿಸಬಹುದು ಎಂಬ ವಿಕಲ್ಪದ ಸಾಮಾನ್ಯ ಸೂತ್ರವನ್ನೂ ಅವರು ಕೊಟ್ಟಿದ್ದಾರೆ. ಉದಾಹರಣೆ ಆರು ರುಚಿಗಳದು. ಸಿಹಿ, ಹುಳಿ, ಉಪ್ಪು, ಖಾರ, ಕಹಿ, ಒಗರು ಇವುಗಳನ್ನು ಒಂದೊಂದಾಗಿ, ಎರಡೆರಡಾಗಿ, ಹೀಗೆ ಆರರವರೆಗೆ ಬೆರೆಸಿದರೆ ಒಟ್ಟು 63 ಬಗೆಯ ರುಚಿಗಳು.

ನನ್ನನ್ನು ಹೆಚ್ಚು ಹಿಡಿದು ನಿಲ್ಲಿಸಿದ್ದು ಅವರ ಕ್ಷೇತ್ರಗಣಿತ, ಅದರಲ್ಲೂ ಬಾಗಿದ ಮೈಗಳ ಲೆಕ್ಕ. ಚಪ್ಪಟೆ ಹೊಲವನ್ನು ಅಳೆಯುವುದು ಸುಲಭ. ಆದರೆ ಮೇಲಕ್ಕೆ ಉಬ್ಬಿದ ಆಮೆಯ ಬೆನ್ನು, ಒಳಕ್ಕೆ ತಗ್ಗಾದ ಹೋಮಕುಂಡ ಇವುಗಳ ಮೈಯ ವಿಸ್ತೀರ್ಣ ಎಷ್ಟು? ಕಿತ್ತಳೆ ಸಿಪ್ಪೆಯನ್ನು ನೆಲದ ಮೇಲೆ ಒತ್ತಿ ಹರಡಿದರೆ ಅದು ಹರಿಯುತ್ತದೆ. ಬಾಗಿದ ಮೈ ಚಪ್ಪಟೆಯಾಗಲು ಒಪ್ಪುವುದಿಲ್ಲ. ಅದೇ ಇದರ ತೊಡಕು. ಇಂದು ಕಂಪ್ಯೂಟರಿನಲ್ಲಿ ಇಂಥ ಮೈಯನ್ನು ಸಾವಿರಾರು ಪುಟ್ಟ ತ್ರಿಕೋನಗಳಾಗಿ ಒಡೆದು ಅಳೆಯುತ್ತೇವೆ. ಮಹಾವೀರಾಚಾರ್ಯರ ಹತ್ತಿರ ಇದ್ದದ್ದು ಹಗ್ಗ ಮತ್ತು ಬುದ್ಧಿ.

ಅವರ ಸೂತ್ರ ಬಹಳ ಸರಳ. ಅಂಚಿನ ಸುತ್ತಳತೆಯ ಕಾಲು ಭಾಗವನ್ನು ತೆಗೆದುಕೊಳ್ಳಿ. ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಬೆನ್ನಿನ ಮೇಲಿಂದ ಹಗ್ಗ ಹಾಕಿ ಅಳೆಯಿರಿ. ಎರಡನ್ನೂ ಗುಣಿಸಿ. ಅದೇ ವಿಸ್ತೀರ್ಣ. ಇದನ್ನು ಪರೀಕ್ಷಿಸೋಣ. ಚಪ್ಪಟೆ ತಟ್ಟೆಯ ಅಡ್ಡಳತೆ 14 ಸೆಂ.ಮೀ. ಇದ್ದರೆ ಸುತ್ತಳತೆ 44. ಕಾಲು ಭಾಗ 11, ಅದನ್ನು 14ರಿಂದ ಗುಣಿಸಿದರೆ 154. ನಮ್ಮ ಪಠ್ಯಪುಸ್ತಕದ ಸೂತ್ರಕ್ಕೂ ಅದೇ ಉತ್ತರ. ಇನ್ನು ಸ್ವಲ್ಪವೇ ಉಬ್ಬಿದ ಒಂದು ಮುಚ್ಚಳ ತೆಗೆದುಕೊಳ್ಳಿ. ಅದು 21 ಸೆಂ.ಮೀ. ತ್ರಿಜ್ಯದ ಗೋಲದಿಂದ ಕತ್ತರಿಸಿದ ತುಂಡು, ಸುತ್ತಳತೆ 66, ಬೆನ್ನಿನ ಅಳತೆ 22 ಎನ್ನೋಣ. ಅವರ ಸೂತ್ರದಿಂದ 363 ಚದರ ಸೆಂ.ಮೀ. ನಿಜವಾದ ಉತ್ತರ ಸುಮಾರು 371. ವ್ಯತ್ಯಾಸ ನೂರಕ್ಕೆ ಎರಡು ಚಿಲ್ಲರೆ ಮಾತ್ರ. ಈಗ 7 ಸೆಂ.ಮೀ. ತ್ರಿಜ್ಯದ ಚೆಂಡನ್ನು ಸರಿಯಾಗಿ ಅರ್ಧಕ್ಕೆ ಕತ್ತರಿಸಿ. ಸುತ್ತಳತೆ 44, ಬೆನ್ನಿನ ಅಳತೆ 22. ಸೂತ್ರದ ಉತ್ತರ 242, ನಿಜವಾದದ್ದು 308. ಇಲ್ಲಿ ನೂರಕ್ಕೆ ಇಪ್ಪತ್ತೊಂದರಷ್ಟು ಕಡಿಮೆ ಬರುತ್ತದೆ. ಅಂದರೆ ಉಬ್ಬು ಕಡಿಮೆ ಇದ್ದಾಗ ಸೂತ್ರ ಕೆಲಸಕ್ಕೆ ಬರುತ್ತದೆ, ಉಬ್ಬು ಹೆಚ್ಚಾದಂತೆ ಕೈಕೊಡುತ್ತದೆ.

ಹಾಗಾದರೆ ಅವರನ್ನು ದೊಡ್ಡವರೆಂದು ಏಕೆ ಕರೆಯಬೇಕು? ಅವರು ಕ್ಷೇತ್ರಗಣಿತವನ್ನು ಮೊದಲೇ ಎರಡು ಭಾಗ ಮಾಡಿದ್ದಾರೆ. ಒಂದು ವ್ಯಾವಹಾರಿಕ, ಅಂದರೆ ದಿನನಿತ್ಯದ ಕೆಲಸಕ್ಕೆ ಸಾಕಾಗುವ ಒರಟು ಲೆಕ್ಕ. ಇನ್ನೊಂದು ಸೂಕ್ಷ್ಮ. ವೃತ್ತದ ಸುತ್ತಳತೆಗೆ ಒರಟು ಲೆಕ್ಕದಲ್ಲಿ ಅಡ್ಡಳತೆಯ 3 ಪಟ್ಟು, ಸೂಕ್ಷ್ಮ ಲೆಕ್ಕದಲ್ಲಿ 10ರ ವರ್ಗಮೂಲದಷ್ಟು ಪಟ್ಟು. ಆಮೆಯ ಬೆನ್ನಿನ ಸೂತ್ರವನ್ನು ಅವರು ಇಟ್ಟಿರುವುದು ಒರಟು ಲೆಕ್ಕದ ಭಾಗದಲ್ಲಿ. ತಾನು ಕೊಡುತ್ತಿರುವುದು ಅಂದಾಜು ಎಂದು ಓದುವವರಿಗೆ ಮೊದಲೇ ತಿಳಿಸುವ ಪ್ರಾಮಾಣಿಕತೆ ಅದು. ನಮ್ಮ ಎಂಜಿನಿಯರಿಂಗ್ ಕೆಲಸದಲ್ಲಿ ಇದಕ್ಕಿಂತ ದೊಡ್ಡ ಗುಣವಿಲ್ಲ.

ಅವರಿಂದ ತಪ್ಪುಗಳೂ ಆಗಿವೆ. ಒಂದು ಸಂಖ್ಯೆಯನ್ನು ಸೊನ್ನೆಯಿಂದ ಭಾಗಿಸಿದರೆ ಅದು ಹಾಗೆಯೇ ಉಳಿಯುತ್ತದೆ ಎಂದರು. ಅದು ಸರಿಯಲ್ಲ. ಋಣ ಸಂಖ್ಯೆ ಯಾವುದರ ವರ್ಗವೂ ಅಲ್ಲ, ಆದ್ದರಿಂದ ಅದಕ್ಕೆ ವರ್ಗಮೂಲವಿಲ್ಲ ಎಂದೂ ಹೇಳಿದರು. ಅಂದಿನವರಿಗೆ ತಿಳಿದಿದ್ದ ಸಂಖ್ಯೆಗಳ ಮಟ್ಟಿಗೆ ಅದು ಪೂರ್ತಿ ಸರಿ. ಮುಂದೆ 1150ರಲ್ಲಿ ಭಾಸ್ಕರಾಚಾರ್ಯರು ಸೊನ್ನೆಯಿಂದ ಭಾಗಿಸಿದರೆ ಬರುವುದು ಅನಂತವೆಂದರು. ಗೋಲದ ಮೈಯ ವಿಸ್ತೀರ್ಣ ಸುತ್ತಳತೆ ಮತ್ತು ಅಡ್ಡಳತೆಗಳ ಗುಣಲಬ್ಧ ಎಂಬ ಸರಿಯಾದ ಸೂತ್ರವನ್ನೂ ಕೊಟ್ಟರು. ಗ್ರೀಸಿನಲ್ಲಿ ಆರ್ಕಿಮಿಡೀಸ್ ಅದನ್ನು ಬಹಳ ಹಿಂದೆಯೇ ಕಂಡಿದ್ದ. ಗಣಿತ ಬೆಳೆಯುವುದು ಹೀಗೆಯೇ: ಒಬ್ಬರು ಇಟ್ಟ ಹೆಜ್ಜೆಯನ್ನು ಇನ್ನೊಬ್ಬರು ತಿದ್ದುತ್ತಾರೆ. ನಮ್ಮ ಹಿರಿಯರು ಎಲ್ಲವನ್ನೂ ಮೊದಲೇ ಕಂಡುಹಿಡಿದಿದ್ದರು ಎಂಬ ಸಂದೇಶಗಳು ವಾಟ್ಸಾಪಿನಲ್ಲಿ ದಿನವೂ ಬರುತ್ತವೆ. ಪರೀಕ್ಷಿಸದೆ ಹೊಗಳಿದರೆ ಮಹಾವೀರಾಚಾರ್ಯರಿಗೆ ಗೌರವ ಸಲ್ಲುವುದಿಲ್ಲ. ಅವರ ಲೆಕ್ಕವನ್ನು ಮಾಡಿ ನೋಡುವುದೇ ಅವರಿಗೆ ಸಲ್ಲುವ ಗೌರವ.

ಅವರ ಪುಸ್ತಕ ನೂರಾರು ವರ್ಷ ದಕ್ಷಿಣ ಭಾರತದ ಪಾಠಶಾಲೆಗಳಲ್ಲಿ ನಡೆಯಿತು. 11ನೇ ಶತಮಾನದಲ್ಲಿ ಪಾವುಲೂರಿ ಮಲ್ಲನ ಅದನ್ನು ತೆಲುಗಿಗೆ ತಂದ. 12ನೇ ಶತಮಾನದಲ್ಲಿ ರಾಜಾದಿತ್ಯನೆಂಬ ಜೈನ ಕವಿ ಕನ್ನಡದಲ್ಲೇ ವ್ಯವಹಾರಗಣಿತ, ಕ್ಷೇತ್ರಗಣಿತ ಮೊದಲಾದ ಗ್ರಂಥಗಳನ್ನು ಬರೆದ. ಕನ್ನಡದಲ್ಲಿ ನಮಗೆ ದೊರೆತಿರುವ ಮೊದಲ ಗಣಿತ ಗ್ರಂಥಗಳು ಅವೇ. ಅವನ ಊರು ಪೂವಿನಬಾಗೆ. ಅದನ್ನು ನಮ್ಮ ರಾಯಬಾಗವೆಂದೇ ಗುರುತಿಸಲಾಗಿದೆ. ನಮ್ಮ ಪಕ್ಕದ ತಾಲ್ಲೂಕಿನವನೊಬ್ಬ ಎಂಟುನೂರು ವರ್ಷಕ್ಕೂ ಹಿಂದೆ ಕನ್ನಡದಲ್ಲಿ ಗಣಿತ ಬರೆದನೆಂದರೆ, ಗಣಿತಕ್ಕೆ ಕನ್ನಡ ಸಾಲದು ಎಂಬ ಮಾತಿಗೆ ಬೇರೆ ಉತ್ತರ ಬೇಕಿಲ್ಲ.

ಕಾಲಾಂತರದಲ್ಲಿ ಗಣಿತಸಾರಸಂಗ್ರಹ ತಾಳೆಗರಿಗಳಲ್ಲೇ ಉಳಿಯಿತು. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನ ಸಂಸ್ಕೃತ ಪ್ರಾಧ್ಯಾಪಕರಾಗಿದ್ದ ಎಂ. ರಂಗಾಚಾರ್ಯರು ಹಸ್ತಪ್ರತಿಗಳನ್ನು ಹುಡುಕಿ ತರಿಸಿದರು. ಅವುಗಳಲ್ಲಿ ಕನ್ನಡ ಲಿಪಿಯ ಪ್ರತಿಗಳೂ ಇದ್ದವು, ಒಂದು ಮೂಡಬಿದಿರೆಯದು. 1912ರಲ್ಲಿ ಇಂಗ್ಲಿಷ್ ಅನುವಾದದೊಂದಿಗೆ ಗ್ರಂಥ ಅಚ್ಚಾಯಿತು. 1963ರಲ್ಲಿ ಸೊಲ್ಲಾಪುರದಿಂದ ಹಿಂದಿ ಅನುವಾದ, 2000ದಲ್ಲಿ ಹೊಂಬುಜದಿಂದ ಪದ್ಮಾವತಮ್ಮನವರ ಕನ್ನಡ ಅನುವಾದ ಬಂದವು. ರಂಗಾಚಾರ್ಯರ ಆವೃತ್ತಿಯನ್ನು ಈಗ ಮೊಬೈಲಿನಲ್ಲಿ ದುಡ್ಡಿಲ್ಲದೆ ಓದಬಹುದು.

ನಮ್ಮ ಭಾಗದಲ್ಲಿ ಗಣಿತಕ್ಕೆ ಹೆದರಿ ಹತ್ತನೇ ತರಗತಿಗೇ ಓದು ಬಿಟ್ಟು ಕಬ್ಬಿನ ಹೊಲಕ್ಕೆ ಇಳಿದವರು ಪ್ರತಿ ಓಣಿಯಲ್ಲೂ ಇದ್ದಾರೆ. ಅವರಲ್ಲಿ ಜಾಣರಿಗೇನೂ ಕೊರತೆ ಇರಲಿಲ್ಲ. ಅದು ನಮ್ಮಂಥವರಿಗಲ್ಲ ಎಂಬ ಭಯ ಅವರನ್ನು ತಡೆಯಿತು. ಶಿಕ್ಷಕರಲ್ಲಿ ನನ್ನ ವಿನಂತಿ ಇಷ್ಟೇ: ಗೋಲದ ಪಾಠ ಬಂದಾಗ ಒಂದು ಹಗ್ಗ, ಒಂದು ರಬ್ಬರ್ ಚೆಂಡು, ಒಂದು ಉಬ್ಬಿದ ಮುಚ್ಚಳ ತರಗತಿಗೆ ತನ್ನಿ. ಮಹಾವೀರಾಚಾರ್ಯರ ಸೂತ್ರದಿಂದ ಮಕ್ಕಳೇ ಅಳೆಯಲಿ, ಪಠ್ಯಪುಸ್ತಕದ ಸೂತ್ರದೊಂದಿಗೆ ಹೋಲಿಸಲಿ, ಎಲ್ಲಿ ತಪ್ಪಿತೆಂದು ತಾವೇ ಹೇಳಲಿ. ಅಷ್ಟು ದೊಡ್ಡ ಆಚಾರ್ಯರ ಲೆಕ್ಕದಲ್ಲಿ ತಪ್ಪು ಹಿಡಿದ ಮಗು ಮುಂದೆ ಗಣಿತಕ್ಕೆ ಹೆದರಲಾರದು. ನಮ್ಮ ಶಾಲೆಯಿಂದ ಅಂಥ ಮಕ್ಕಳು ಹೆಚ್ಚು ಹೆಚ್ಚು ಹೊರಬರಲಿ ಎಂದು ಹಾರೈಸುತ್ತೇನೆ.