ಗಟ್ಟಿಯಾದ ಹ್ಯಾಂಡ್ ವಾರ್ಮರ್ ಮತ್ತು ಜೋಸೆಫ್ ಬ್ಲ್ಯಾಕ್

ಒಳಗಿನ ಲೋಹದ ಬಿಲ್ಲೆಯನ್ನು ಒತ್ತಿದರೆ ಬಿಸಿಯಾಗುವ ಹ್ಯಾಂಡ್ ವಾರ್ಮರ್ ಒಮ್ಮೆ ಬಳಸಿದ ಮೇಲೆ ಗಟ್ಟಿಯಾಗುತ್ತದೆ. ಮತ್ತೆ ಬಳಸಲು ಅದನ್ನು ಬಿಸಿನೀರಿನಲ್ಲಿ ಪೂರ್ತಿ ಕರಗಿಸಬೇಕು. ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಯ ಪಿಜಿ ಕೋಣೆಗಳಲ್ಲಿ ಒಲೆ ಎಲ್ಲಿಂದ ಬರಬೇಕು? ಒಂದು ಲೋಟ ಬಿಸಿನೀರಿನಲ್ಲಿಟ್ಟರೆ ಅರ್ಧಂಬರ್ಧ ಕರಗಿ ನಿಲ್ಲುತ್ತದೆ. ಅದು ಕೆಟ್ಟಿದೆಯೆಂದು ಎಸೆಯುವ ಮುನ್ನ, 18ನೇ ಶತಮಾನದ ಒಬ್ಬ ಮೇಷ್ಟ್ರ ಬದುಕನ್ನು ನೋಡೋಣ.

ಜೋಸೆಫ್ ಬ್ಲ್ಯಾಕ್ ಹುಟ್ಟಿದ್ದು 1728ರಲ್ಲಿ, ಫ್ರಾನ್ಸಿನ ಬೋರ್ಡೋದಲ್ಲಿ. ತಂದೆ ವೈನ್ ವ್ಯಾಪಾರಿ. ಗ್ಲಾಸ್ಗೋ, ಎಡಿನ್‌ಬರೋಗಳಲ್ಲಿ ವೈದ್ಯಕೀಯ ಓದಿದ ಅವರು, ಇಂದು ನಾವು ಕಾರ್ಬನ್ ಡೈಆಕ್ಸೈಡ್ ಎನ್ನುವ ಅನಿಲವು ಸಾಮಾನ್ಯ ಗಾಳಿಗಿಂತ ಬೇರೆ ಎಂದು ತೋರಿಸಿದರು. 1756ರಲ್ಲಿ ಗ್ಲಾಸ್ಗೋದಲ್ಲಿ ಅಧ್ಯಾಪಕರಾದರು.

ಕರಗುವ ಹಂತ ತಲುಪಿದ ಮಂಜುಗಡ್ಡೆಗೆ ಇನ್ನು ಚೂರು ಶಾಖ ಸಿಕ್ಕರೆ ಸಾಕು, ಎಲ್ಲವೂ ನೀರಾಗುತ್ತದೆ ಎಂದು ಆಗ ನಂಬಿದ್ದರು. ಹಾಗಿದ್ದರೆ ಬೆಟ್ಟದ ಹಿಮವೆಲ್ಲ ಒಮ್ಮೆಲೇ ಕರಗಿ ಪ್ರವಾಹ ಬರಬೇಕಿತ್ತಲ್ಲ ಎಂಬುದು ಬ್ಲ್ಯಾಕ್ ಅವರ ಅನುಮಾನ. ಅವರು ಒಂದು ಗಾಜಿನ ಪಾತ್ರೆಯಲ್ಲಿ ತಣ್ಣೀರು, ಇನ್ನೊಂದರಲ್ಲಿ ಅಷ್ಟೇ ತೂಕದ ಮಂಜುಗಡ್ಡೆ ಇಟ್ಟು ಕಾದರು. ನೀರು ಅರ್ಧ ಗಂಟೆಯಲ್ಲಿ ತಲುಪಿದ ಉಷ್ಣತೆಯನ್ನು ಮಂಜುಗಡ್ಡೆ ಕರಗಿ ತಲುಪಲು ಹತ್ತೂವರೆ ಗಂಟೆ ಬೇಕಾಯಿತು. ಕರಗುವಾಗ ಥರ್ಮಾಮೀಟರಿಗೆ ಕಾಣದಂತೆ ಒಳಸೇರುವ ಈ ಶಾಖವೇ ಗುಪ್ತೋಷ್ಣ. ಘನೀಕರಣ ಬಿಂದುವಿಗಿಂತ ತಣ್ಣಗಾಗಿಯೂ ದ್ರವವಾಗಿಯೇ ಇದ್ದ ನೀರನ್ನು ಅಲುಗಿಸಿದರೆ, ಅದು ಹೆಪ್ಪುಗಟ್ಟುತ್ತಾ ಬಿಸಿಯಾಗುವುದನ್ನು ಫ್ಯಾರನ್‌ಹೀಟ್ ಮೊದಲೇ ಕಂಡಿದ್ದರು. ಅದು ಬಚ್ಚಿಟ್ಟ ಶಾಖ ಹೊರಬರುವ ಗುರುತು ಎಂದು ಬ್ಲ್ಯಾಕ್ ಅರ್ಥಮಾಡಿಕೊಂಡರು. ಹ್ಯಾಂಡ್ ವಾರ್ಮರ್‌ನಲ್ಲಿ ನಡೆಯುವುದೂ ಇದೇ. ಅಲ್ಲಿ ಸೋಡಿಯಂ ಅಸಿಟೇಟ್ ಹರಳಾಗುತ್ತದೆ.

ಅದೇ ವಿಶ್ವವಿದ್ಯಾಲಯದಲ್ಲಿ ಉಪಕರಣ ತಯಾರಿಸುತ್ತಿದ್ದ ಜೇಮ್ಸ್ ವ್ಯಾಟ್‌ಗೆ ಉಗಿಯ ಗುಪ್ತೋಷ್ಣವನ್ನು ವಿವರಿಸಿದವರೂ ಬ್ಲ್ಯಾಕ್. 1766ರಲ್ಲಿ ಅವರು ಎಡಿನ್‌ಬರೋಗೆ ಹೋದರು. ಗುಪ್ತೋಷ್ಣವನ್ನು ತರಗತಿಯಲ್ಲಿ ಕಲಿಸಿದರೇ ಹೊರತು ತಾವಾಗಿ ಪ್ರಕಟಿಸಲಿಲ್ಲ. ಅವರು ತೀರಿಕೊಂಡದ್ದು 1799ರಲ್ಲಿ. ಗೆಳೆಯ ಜಾನ್ ರಾಬಿಸನ್ ಅವರ ಉಪನ್ಯಾಸಗಳನ್ನು ಪುಸ್ತಕವಾಗಿ ತಂದದ್ದು 1803ರಲ್ಲಿ.

ಈಗ ನಮ್ಮ ಲೋಟದ ಲೆಕ್ಕಕ್ಕೆ ಬರೋಣ. ಹ್ಯಾಂಡ್ ವಾರ್ಮರ್‌ನ ಲವಣ ಕರಗುವುದು ಸುಮಾರು 58 ಡಿಗ್ರಿ ಸೆಲ್ಸಿಯಸ್‌ನಲ್ಲಿ. 100 ಗ್ರಾಂ ಲವಣವನ್ನು ಅಲ್ಲಿಯವರೆಗೆ ಬಿಸಿಮಾಡಿ ಕರಗಿಸಲು ಸುಮಾರು 33 ಕಿಲೋಜೂಲ್ ಬೇಕು. ಅದರಲ್ಲಿ 26ರಷ್ಟು ಕರಗುವುದಕ್ಕೇ ಖರ್ಚು. 200 ಮಿಲಿಲೀಟರ್ ನೀರು 90ರಿಂದ 58 ಡಿಗ್ರಿಗೆ ಇಳಿಯುವಾಗ ಕೊಡುವುದು ಸುಮಾರು 27 ಕಿಲೋಜೂಲ್ ಮಾತ್ರ. ಒಂದು ಲೀಟರ್ ಕೊಡುವುದು ಅದರ ಐದು ಪಟ್ಟು.

ಹಾಗಾಗಿ ಎಲೆಕ್ಟ್ರಿಕ್ ಕೆಟಲ್‌ನಲ್ಲಿ ಒಂದು ಲೀಟರ್ ನೀರು ಕುದಿಸಿ, ಹಾಟ್‌ಬಾಕ್ಸ್‌ಗೆ ಸುರಿದು, ಬಟ್ಟೆ ಸುತ್ತಿದ ಹ್ಯಾಂಡ್ ವಾರ್ಮರ್ ಮುಳುಗಿಸಿ ಮುಚ್ಚಿಡಿ. ಕೆಟಲ್‌ನ ಒಳಗೇ ಹಾಕಿದರೆ ಬಿಸಿ ತಳಕ್ಕೆ ಪ್ಲಾಸ್ಟಿಕ್ ಅಂಟೀತು. ಒಳಗೆ ಲೋಹವಿರುವುದರಿಂದ ಮೈಕ್ರೋವೇವ್ ಕೂಡದು. ಅರ್ಧ ಗಂಟೆಯ ಬಳಿಕ ಬೆಳಕಿಗೆ ಹಿಡಿದು ನೋಡಿ. ಒಂದೇ ಒಂದು ಹರಳು ಉಳಿದರೂ ತಣಿಯುವಾಗ ಮತ್ತೆ ಗಟ್ಟಿಯಾಗುತ್ತದೆ. ಉಳಿದಿದ್ದರೆ ನೀರು ಬದಲಿಸಿ ಇನ್ನೊಮ್ಮೆ ಕಾಯಿರಿ. ಬ್ಲ್ಯಾಕ್ ಹತ್ತೂವರೆ ಗಂಟೆ ಕಾದಿದ್ದರು!