ಮೂಳೆಯ ಬೂದಿ ಮತ್ತು ಆಚಾರ್ಯ ಪ್ರಫುಲ್ಲಚಂದ್ರ ರಾಯ್

ಭಾರತೀಯ ರಸಾಯನೋದ್ಯಮದ ಚರಿತ್ರೆಯನ್ನು ಬರೆಯಹೊರಟವರು ಕಲ್ಕತ್ತೆಯ ಅಪ್ಪರ್ ಸರ್ಕ್ಯುಲರ್ ರಸ್ತೆಯ 91ನೆಯ ಮನೆಯನ್ನು ದಾಟಿ ಮುಂದೆ ಹೋಗುವಂತಿಲ್ಲ. ಪ್ರೆಸಿಡೆನ್ಸಿ ಕಾಲೇಜಿನ ಅಧ್ಯಾಪಕರಾಗಿದ್ದ ಪ್ರಫುಲ್ಲಚಂದ್ರ ರಾಯ್ ಅವರು 1892ರಲ್ಲಿ ಕೇವಲ 700 ರೂಪಾಯಿಗಳ ಮೂಲಧನದಿಂದ ಔಷಧ ತಯಾರಿಕೆಗೆ ತೊಡಗಿದ್ದು ಆ ಬಾಡಿಗೆ ಮನೆಯಲ್ಲಿ.

1861ರಲ್ಲಿ ಖುಲನಾ ಪ್ರಾಂತದ ರಾಡುಲಿಯಲ್ಲಿ ಜನಿಸಿದ ಅವರು 1887ರಲ್ಲಿ ಎಡಿನ್‌ಬರೋ ವಿಶ್ವವಿದ್ಯಾಲಯದ ಡಿ.ಎಸ್‌ಸಿ. ಪದವಿ ಪಡೆದರು. ಆದರೂ, ಭಾರತೀಯರೆಂಬ ಕಾರಣಕ್ಕೆ, ಕೆಳದರ್ಜೆಯ ಪ್ರಾಂತೀಯ ಸೇವೆಯಲ್ಲೇ ಉಳಿಯಬೇಕಾಯಿತು.

ನಿಂಬೆಯ ರಸದಿಂದ ಸಿಟ್ರಿಕ್ ಆಮ್ಲ ತೆಗೆಯುವ ಅವರ ಮೊದಲ ಯತ್ನ ಹಣ್ಣಿನ ಬೆಲೆಯಿಂದಾಗಿ ನಿಂತಿತು. ಸವುಳು ಮಣ್ಣಿನಿಂದ ಸೋಡಾ ತಯಾರಿಸಹೋದರೆ ಅಗ್ಗದ ವಿಲಾಯತಿ ಸೋಡಾ ಎದುರಾಯಿತು. ಆಗ ಅವರ ದೃಷ್ಟಿ ಕಸಾಯಿಖಾನೆಯ ಮೂಳೆಗಳತ್ತ ಹರಿಯಿತು. ಈ ದೇಶದ ಮೂಳೆ ಹಡಗೇರಿ ಯೂರೋಪಿಗೆ ಹೋಗುತ್ತಿದ್ದ ಕಾಲವದು. ಮಾಳಿಗೆಯ ಮೇಲೆ ಒಣಗಲು ಹರಡಿದ ಮೂಳೆಗಳು ಮಳೆಗೆ ಕೊಳೆತು ನಾರಿದವು, ಕಾಗೆಗಳು ಮುತ್ತಿದವು, ನೆರೆಯವರು ಕೆರಳಿದರು. ಕಡೆಗೆ ಊರಾಚೆ ಸಾಗಿಸಿ ರಾತ್ರಿ ಸುಟ್ಟರೆ, ಹೆಣ ಸುಡುತ್ತಿರಬೇಕೆಂದು ಪೊಲೀಸರೇ ಬಂದರು! ಹಾಗೆ ದೊರೆತ ಬೂದಿಯನ್ನು ಗಂಧಕಾಮ್ಲದಿಂದ ಸಂಸ್ಕರಿಸಿ, ಸೋಡಾ ಬೆರೆಸಿ, ಸೋಡಿಯಂ ಫಾಸ್ಫೇಟನ್ನು ಪಡೆದರು. 1896ರ ಮರ್ಕ್ಯುರಸ್ ನೈಟ್ರೈಟಿಗೆ ಪಠ್ಯಗಳು ನೀಡುವ ಪುಟಗಳಲ್ಲಿ ಒಂದಾದರೂ ಈ ಬೂದಿಗೆ ಸಲ್ಲಬೇಕಿತ್ತು.

ಕಾಲಮೇಘ, ಆಡುಸೋಗೆ, ಓಮ ಮುಂತಾದ ದೇಶೀಯ ಮೂಲಿಕೆಗಳೂ ಶಾಸ್ತ್ರೀಯ ಔಷಧಗಳಾಗಿ ಅಲ್ಲಿಂದ ಹೊರಬಂದವು. ಇವನ್ನು ವೈದ್ಯರಿಗೆ ಪರಿಚಯಿಸಿದವರು ಡಾ. ಅಮೂಲ್ಯಚರಣ ಬೋಸ್. 1898ರಲ್ಲಿ ಅವರು ಪ್ಲೇಗಿಗೆ ಬಲಿಯಾದರು. ಮತ್ತೊಬ್ಬ ಸಹಾಯಕ ಸತೀಶಚಂದ್ರ ಸಿನ್ಹಾ ಪ್ರಯೋಗದ ವೇಳೆ ಪ್ರಸ್ಸಿಕ್ ಆಮ್ಲದ ವಿಷಕ್ಕೆ ಸಿಲುಕಿ ಮಡಿದರು. ಕಾಲೇಜಿನ ಪಾಠ, ಸಂಶೋಧನೆ, ಕಾರ್ಖಾನೆ ಮೂರೂ ರಾಯ್ ಅವರ ಹೆಗಲಿಗೇ ಬಿದ್ದವು. ಕೈಬಿಡಲು ಕಾರಣಗಳು ಸಾಕಷ್ಟಿದ್ದವು, ಅವರು ಬಿಡಲಿಲ್ಲ. 1901ರಲ್ಲಿ ಅದು ಬೆಂಗಾಲ್ ಕೆಮಿಕಲ್ ಅಂಡ್ ಫಾರ್ಮಾಸ್ಯುಟಿಕಲ್ ವರ್ಕ್ಸ್ ಎಂಬ ಲಿಮಿಟೆಡ್ ಕಂಪೆನಿಯಾಯಿತು. ಮುಂದೆ ಮಾಣಿಕ್‌ತಲಾದಲ್ಲಿ ಗಂಧಕಾಮ್ಲದ ಸ್ವಂತ ಸ್ಥಾವರವೂ ಎದ್ದಿತು.

ಈ ನಡುವೆಯೇ 1902 ಮತ್ತು 1909ರಲ್ಲಿ ಹಿಂದೂ ರಸಾಯನಶಾಸ್ತ್ರದ ಚರಿತ್ರೆಯ ಎರಡು ಸಂಪುಟಗಳನ್ನು ಅವರು ಪ್ರಕಟಿಸಿದರು. ಉದ್ಯಮದಿಂದ ಧನಿಕರಾಗಬಹುದಾಗಿದ್ದ ಈ ಅವಿವಾಹಿತರು ಅರುವತ್ತು ತುಂಬಿದ ಮೇಲೆ ವಿಶ್ವವಿದ್ಯಾಲಯದ ಸಂಬಳವನ್ನೂ ರಸಾಯನ ವಿಭಾಗಕ್ಕೇ ಬಿಟ್ಟುಕೊಟ್ಟರು. 1944ರ ಜೂನ್ 16ರಂದು ಅವರು ಕಣ್ಮುಚ್ಚಿದ್ದು ವಿಜ್ಞಾನ ಕಾಲೇಜಿನ ತಮ್ಮ ಕೊಠಡಿಯಲ್ಲಿ.